ಬೇಸಿಗೆ ಸಂಗೀತ ಶಿಬಿರ (ಅಮೇರಿಕ ಸಂಯುಕ್ತ ಸಂಸ್ಥಾನ)

ಬೇಸಿಗೆ ಸಂಗೀತ ಶಿಬಿರವು ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಬೇಸಿಗೆ ರಜೆಯಲ್ಲಿ ನಡೆಯುವ ಅಲ್ಪಾವಧಿಯ ಸಂಗೀತ ಶಿಕ್ಷಣ ಕಾರ್ಯಕ್ರಮವಾಗಿದೆ. ಇವು ಸಾಮಾನ್ಯವಾಗಿ ಒಂದು ವಾರದಿಂದ ಆರು ವಾರಗಳವರೆಗೆ ನಡೆಯುತ್ತವೆ. ಸಂಗೀತವನ್ನು ಪದವಿ ವ್ಯಾಸಂಗದ ವಿಷಯವನ್ನಾಗಿ ಆರಿಸಿಕೊಳ್ಳಬಯಸುವ ಹಲವರು ಕಾಲೇಜು ಪ್ರವೇಶದ ಸಿದ್ಧತೆಗಾಗಿಯೂ ಇವುಗಳಲ್ಲಿ ಭಾಗವಹಿಸುತ್ತಾರೆ.

ಇತಿಹಾಸ

ಸಂಗೀತ ಶಿಕ್ಷಕ ಜೋಸೆಫ್ ಮ್ಯಾಡಿ ಅವರು 1926ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಜರುಗಿದ ಸಂಗೀತ ಶಿಕ್ಷಕರ ಸಮ್ಮೇಳನಕ್ಕಾಗಿ ದೇಶದ ವಿವಿಧ ಪ್ರೌಢಶಾಲೆಗಳ ವಿದ್ಯಾರ್ಥಿಗಳ ವಾದ್ಯವೃಂದವೊಂದನ್ನು ಕಟ್ಟಿದರು. ಇದರ ಮುಂದುವರಿಕೆಯಾಗಿ 1928ರಲ್ಲಿ ಮಿಷಿಗನ್ ರಾಜ್ಯದ ಇಂಟರ್‌ಲಾಕೆನ್‌ನಲ್ಲಿ, ಎರಡು ಸರೋವರಗಳ ನಡುವಿನ ಕಾಡಿನಲ್ಲಿ, ಬೇಸಿಗೆ ಶಿಬಿರ ಆರಂಭವಾಯಿತು. ಇದು ಇಂದು ಇಂಟರ್‌ಲಾಕೆನ್ ಆರ್ಟ್ಸ್ ಕ್ಯಾಂಪ್ ಎಂದು ಪ್ರಸಿದ್ಧವಾಗಿದೆ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ನೆಲೆಯಾದ ಟ್ಯಾಂಗಲ್‌ವುಡ್‌ನಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವು 1966ರಲ್ಲಿ ಯುವ ಸಂಗೀತಗಾರರ ಕಾರ್ಯಕ್ರಮವನ್ನು ಪ್ರಾರಂಭಿಸಿತು. ನ್ಯೂಯಾರ್ಕ್‌ನ ಕಾರ್ನೆಗೀ ಹಾಲ್ ಸಂಸ್ಥೆಯು ರೂಪಿಸಿದ ರಾಷ್ಟ್ರೀಯ ಯುವ ವಾದ್ಯವೃಂದವು 2013ರಲ್ಲಿ ಮೊದಲ ಬಾರಿಗೆ ಸೇರಿತು.

ಸ್ವರೂಪ

ಶಿಬಿರಗಳ ದಿನಚರಿಯಲ್ಲಿ ವೈಯಕ್ತಿಕ ಪಾಠ, ವಾದ್ಯವೃಂದದ ಅಭ್ಯಾಸ, ಮೂರು-ನಾಲ್ಕು ಮಂದಿ ಕೂಡಿ ನುಡಿಸುವ ಚೇಂಬರ್ ಸಂಗೀತ, ಸಂಗೀತಶಾಸ್ತ್ರ ಹಾಗೂ ಶ್ರವಣಾಭ್ಯಾಸಗಳು ಸೇರಿರುತ್ತವೆ. ಮಾಸ್ಟರ್ ಕ್ಲಾಸ್ ಎಂಬ ತರಗತಿಯಲ್ಲಿ ವಿದ್ಯಾರ್ಥಿಯು ಸಹಪಾಠಿಗಳ ಎದುರಿನಲ್ಲೇ ನುಡಿಸಿ ಅಧ್ಯಾಪಕರಿಂದ ತಿದ್ದಿಸಿಕೊಳ್ಳುತ್ತಾನೆ. ಬಾಸ್ಟನ್‌ನ ಬರ್ಕ್‌ಲೀ ಸಂಗೀತ ಕಾಲೇಜಿನ ಐದು ವಾರಗಳ ಕಾರ್ಯಕ್ರಮದಲ್ಲಿ ಜಾಝ್, ರಾಕ್ ಮತ್ತು ಪಾಪ್ ಶೈಲಿಗಳಿಗೂ ಸ್ಥಾನವಿದೆ.

ಕಾಲೇಜು ಪ್ರವೇಶದೊಂದಿಗಿನ ಸಂಬಂಧ

ಕನ್ಸರ್ವೇಟರಿ ಎಂದು ಕರೆಯಲಾಗುವ ಸಂಗೀತ ವಿದ್ಯಾಲಯಗಳಲ್ಲಿ ಪ್ರವೇಶವು ಮುಖ್ಯವಾಗಿ ಆಡಿಷನ್ ಅನ್ನು ಅವಲಂಬಿಸಿದೆ. ಅನೇಕ ವಿದ್ಯಾಲಯಗಳು ಚಳಿಗಾಲದ ಆರಂಭದಲ್ಲಿ ಧ್ವನಿ ಅಥವಾ ದೃಶ್ಯ ಮುದ್ರಿಕೆಗಳನ್ನು ತರಿಸಿಕೊಂಡು, ಅವುಗಳಲ್ಲಿ ಆಯ್ಕೆಯಾದವರನ್ನು ಮಾತ್ರ ನೇರ ಆಡಿಷನ್‌ಗೆ ಕರೆಯುತ್ತವೆ. ಆದುದರಿಂದ ಪ್ರೌಢಶಾಲೆಯ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯು ಕೃತಿಗಳನ್ನು ಆರಿಸಿ ಹದಗೊಳಿಸಲು ದೊರೆಯುವ ಕೊನೆಯ ದೀರ್ಘಾವಧಿಯಾಗಿದೆ.

ಶಿಬಿರದಲ್ಲಿ ಭಾಗವಹಿಸಿದ ಮಾತ್ರಕ್ಕೆ ಪ್ರವೇಶ ಖಚಿತವಾಗುವುದಿಲ್ಲ. ಆಡಿಷನ್‌ನಲ್ಲಿ ಪರಿಗಣನೆಗೆ ಬರುವುದು ಅಭ್ಯರ್ಥಿಯ ವಾದನ ಅಥವಾ ಗಾಯನವೇ. ಪ್ರಯೋಜನವು ಹೆಚ್ಚಾಗಿ ಪರೋಕ್ಷವಾದುದು: ಮುಂದೆ ಗುರುವಾಗಬಹುದಾದ ಅಧ್ಯಾಪಕರ ಬೋಧನಾಕ್ರಮದ ಪರಿಚಯ, ಶಿಫಾರಸು ಪತ್ರ, ಸಮವಯಸ್ಕರ ನಡುವೆ ತನ್ನ ಮಟ್ಟದ ಅರಿವು ಇತ್ಯಾದಿ. ದಿನವಿಡೀ ಸಂಗೀತದಲ್ಲೇ ತೊಡಗಿದ ಬಳಿಕ ಅದನ್ನು ವೃತ್ತಿಯಾಗಿ ಸ್ವೀಕರಿಸುವುದು ಬೇಡವೆಂದು ನಿರ್ಧರಿಸುವವರೂ ಉಂಟು. ಇತರ ವಿಷಯಗಳನ್ನು ಓದಬಯಸುವವರು ಕೆಲವು ವಿಶ್ವವಿದ್ಯಾಲಯಗಳಿಗೆ ಅರ್ಜಿಯೊಡನೆ ತಮ್ಮ ಸಂಗೀತದ ಮುದ್ರಿಕೆಯನ್ನು ಪೂರಕವಾಗಿ ಸಲ್ಲಿಸಬಹುದು.

ವೆಚ್ಚ ಮತ್ತು ಅವಕಾಶ

ವಸತಿಸಹಿತ ದೀರ್ಘಾವಧಿಯ ಶಿಬಿರಗಳ ಶುಲ್ಕವು ಹಲವು ಸಾವಿರ ಡಾಲರ್‌ಗಳಷ್ಟಿರುತ್ತದೆ. ಪ್ರಯಾಣ ಹಾಗೂ ವಾದ್ಯದ ಸಾಗಣೆಯ ಖರ್ಚು ಪ್ರತ್ಯೇಕ. ರಜೆಯಲ್ಲಿ ದುಡಿದು ಮನೆಗೆ ನೆರವಾಗಬೇಕಾದ ವಿದ್ಯಾರ್ಥಿಗಳಿಗೆ ಶುಲ್ಕದ ಜೊತೆಗೆ ಆ ಸಂಪಾದನೆಯೂ ತಪ್ಪುತ್ತದೆ. ಹೀಗಾಗಿ ಸಿದ್ಧತೆಯ ಅವಕಾಶವು ಪ್ರತಿಭೆಗಿಂತ ಕುಟುಂಬದ ಆದಾಯವನ್ನು ಅವಲಂಬಿಸುತ್ತದೆ ಎಂಬ ಆಕ್ಷೇಪವಿದೆ. ಅನೇಕ ಶಿಬಿರಗಳು ಅಗತ್ಯ ಅಥವಾ ಅರ್ಹತೆಯ ಆಧಾರದ ಮೇಲೆ ವಿದ್ಯಾರ್ಥಿವೇತನ ನೀಡುತ್ತವೆ; ಇದಕ್ಕೆ ಬೇಗನೆ ಅರ್ಜಿ ಸಲ್ಲಿಸಬೇಕಾಗುತ್ತದೆ. 16ರಿಂದ 19 ವರ್ಷ ವಯಸ್ಸಿನವರಿಗಾಗಿರುವ ಮೇಲ್ಕಂಡ ರಾಷ್ಟ್ರೀಯ ಯುವ ವಾದ್ಯವೃಂದಕ್ಕೆ ಆಯ್ಕೆಯಾದವರಿಗೆ ತರಬೇತಿ ಮತ್ತು ಸಂಗೀತ ಪ್ರವಾಸಗಳೆರಡೂ ಉಚಿತವಾಗಿವೆ. ದೂರದ ಶಿಬಿರಗಳಿಗೆ ಹೋಗಲಾಗದವರಿಗೆ ಸ್ಥಳೀಯ ವಿಶ್ವವಿದ್ಯಾಲಯಗಳ ಹಗಲು ಶಿಬಿರಗಳು ಹಾಗೂ ಊರಿನ ಯುವ ವಾದ್ಯವೃಂದಗಳು ಪರ್ಯಾಯವಾಗಿವೆ.