ಸಂತೆಯಲ್ಲಿ ಬೆಳೆದವರನ್ನು ಹುಡುಕುವ ಬಗೆ

ಉತ್ತರ ಕೊಡಗಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಹತ್ತಿರದಲ್ಲಿ ಒಂದು ಪುಟ್ಟ ಪೇಟೆಯಿದೆ. ಹೆಸರೇ ಶನಿವಾರಸಂತೆ. ಸಂತೆ ಯಾವತ್ತು ಎಂದು ಅಲ್ಲಿ ಯಾರನ್ನೂ ಕೇಳಬೇಕಿಲ್ಲ. ಸೋಮವಾರಪೇಟೆಯಲ್ಲೂ ಹೆಸರಿನಲ್ಲೇ ವಾರವಿದೆ, ಸಂತೆ ಆ ದಿನವೇ. ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಭಾನುವಾರ ಗೋಣಿಕೊಪ್ಪ. ಈ ಸುತ್ತು ತಿಳಿದರೆ ಸಂತೆ ಅರ್ಧ ಅರ್ಥವಾದಂತೆ. ಸಾಲಾಗಿ ಟಾರ್ಪಾಲು ಕಟ್ಟಿ ಕೂತಿರುವ ಎಷ್ಟೋ ವ್ಯಾಪಾರಿಗಳು ಇಂದು ಇಲ್ಲಿ, ನಾಳೆ ಪಕ್ಕದ ಊರಲ್ಲಿ. ಅವರ ಸರಕು ಬರುವುದು ದೊಡ್ಡ ಊರಿನ ಮಂಡಿಯಿಂದ. ಅದೇ ಸಂತೆಯ ಅಂಚಿನಲ್ಲಿ, ಗೋಣಿಚೀಲ ಹಾಸಿಕೊಂಡು, ತಮ್ಮ ಹಿತ್ತಲಿನದನ್ನೇ ಬುಟ್ಟಿಯಲ್ಲಿ ತಂದು ಕೂತ ನಾಲ್ಕಾರು ಜನ ಇರುತ್ತಾರೆ. ಹೊಸದಾಗಿ ಸಂತೆಗೆ ಹೋಗುವವರು ಮೊದಲು ಕಲಿಯಬೇಕಾದದ್ದು ಈ ಇಬ್ಬರನ್ನು ಬೇರೆ ಬೇರೆಯಾಗಿ ನೋಡುವುದನ್ನು.

ಮಂಡಿಯವರನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಮಳೆ ಜಡಿಯುವ ಮಲೆನಾಡಿಗೆ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಹೊರಗಿನಿಂದಲೇ ಬರಬೇಕು. ತೋಟದ ಲೈನ್‌ಮನೆಗಳಲ್ಲಿರುವ ಕೂಲಿ ಕುಟುಂಬಗಳು ವಾರದ ಪಡಿತರ, ಬಟ್ಟೆ, ಪಾತ್ರೆ ಎಲ್ಲವನ್ನೂ ಒಂದೇ ದಿನ ಕೊಂಡೊಯ್ಯುವುದು ಅವರಿಂದಲೇ. ಆದರೆ ಬೆಳೆದವರ ಕೈಗೆ ಕೊಟ್ಟ ಹಣ ನಡುವೆ ಎಲ್ಲೂ ಸೋರದೆ ಅವರ ಮನೆಗೇ ಹೋಗುತ್ತದೆ. ಸೊಪ್ಪು ಕೊಯ್ದದ್ದು ಯಾವಾಗ, ಬೀಜ ಯಾವುದು, ಮದ್ದು ಹೊಡೆದಿದ್ದಾರೆಯೇ ಎಂಬುದಕ್ಕೆ ಉತ್ತರ ಹೇಳಬಲ್ಲವರೂ ಅವರೇ.

ಗುರುತಿಸುವುದು ಕಷ್ಟವಲ್ಲ. ಬೆಳೆದವರ ಮುಂದೆ ಮೂರೋ ನಾಲ್ಕೋ ಬಗೆ ಇರುತ್ತವೆ, ಅದೂ ಕೊಂಚ ಕೊಂಚ: ಎರಡು ಚಿಪ್ಪು ಬಾಳೆ, ಐದಾರು ಸೀಮೆಬದನೆ, ಒಂದು ಕುಂಬಳ, ಹಾಳೆಯ ಮೇಲೆ ಒಂದು ಹಿಡಿ ಸೂಜಿಮೆಣಸು. ಗಾತ್ರ ಒಂದೇ ಸಮನಿರುವುದಿಲ್ಲ. ಬದನೆಯಲ್ಲೊಂದು ಸೊಟ್ಟ, ನಿಂಬೆಯಲ್ಲೊಂದು ಪುಟಾಣಿ. ಬೇರಿಗೆ ಮಣ್ಣು ಅಂಟಿರುತ್ತದೆ, ಕಟ್ಟು ಕಟ್ಟಿರುವುದು ಬಾಳೆನಾರಿನಿಂದ. ಮಂಡಿ ಸರಕಾದರೆ ಪ್ಲಾಸ್ಟಿಕ್ ಕ್ರೇಟಿನಲ್ಲಿ ಇಪ್ಪತ್ತು ಬಗೆ, ಒಂದೊಂದೂ ಆರಿಸಿ ಜೋಡಿಸಿದ್ದು. ಇನ್ನೂ ಅನುಮಾನವಿದ್ದರೆ ಕೂತು ಒಂದು ಮಾತು ಕೇಳಿ: "ಅಕ್ಕಾ, ಇದನ್ನ ನೀವು ಮನೇಲಿ ಹೇಗೆ ಮಾಡ್ತೀರಿ?" ಬೆಳೆದವರು ಅಡುಗೆ ಹೇಳಲು ಶುರುಮಾಡಿದರೆ ಪಕ್ಕದವರೂ ಒಗ್ಗರಣೆ ಸೇರಿಸುತ್ತಾರೆ. ನಾನು ಕೆಸುವಿನ ಸೊಪ್ಪಿನ ಸಾರು ಕಲಿತದ್ದು ಹೀಗೇ. ಹುಣಸೆಹಣ್ಣೋ ಕಾಚಂಪುಳಿಯೋ ಹುಳಿ ಚೆನ್ನಾಗಿ ಬೀಳಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ ಎಂದು ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎರಡೆರಡು ಸಲ ಹೇಳಿ ಕಳಿಸಿದ್ದರು.

ಬೆಳಗ್ಗೆಯೇ ಹೋಗಿ. ಬುಟ್ಟಿಯವರ ಬಳಿ ಇರುವುದೇ ಸ್ವಲ್ಪ, ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. ಅವರೂ ಮಾರಿದ ದುಡ್ಡಿನಲ್ಲಿ ಉಪ್ಪು, ಎಣ್ಣೆ, ಒಣಮೀನು ಕೊಂಡು ಊರಿನ ಬಸ್ಸು ಹಿಡಿಯಬೇಕು. ಸಂಜೆ ಹೋದರೆ ಅಗ್ಗ ಎಂಬುದೂ ನಿಜವೇ, ಆದರೆ ಆಗ ಸಿಗುವುದು ಹೆಚ್ಚಾಗಿ ಮಂಡಿಯ ಟೊಮ್ಯಾಟೊ.

ಏನು ಕೊಳ್ಳಬೇಕು ಎಂಬುದನ್ನು ಮನೆಯಲ್ಲೇ ಚೀಟಿ ಬರೆದು ಹೊರಟರೆ ಸಂತೆಯ ಒಳ್ಳೆಯದೆಲ್ಲ ಕೈತಪ್ಪುತ್ತದೆ. ಇಲ್ಲಿ ಕಾಲವೇ ಚೀಟಿ. ಗದ್ದೆ ಕೊಯ್ಲಾದ ಮೇಲೆ ಈ ಭಾಗದ ರೈತರು ಹಸಿಮೆಣಸು ಹಾಕುತ್ತಾರೆ, ಹಾಗಾಗಿ ಬೇಸಿಗೆಯಲ್ಲಿ ಅದರದೇ ರಾಶಿ. ಮಳೆಗಾಲಕ್ಕೆ ಅಣಬೆ, ಕೆಸು, ಬಿದಿರಿನ ಕಣಿಲೆ. ಕಣಿಲೆಯನ್ನು ತಂದ ದಿನವೇ ಬೇಯಿಸಿ ತಿನ್ನಬೇಡಿ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಕಾಡಣಬೆಯನ್ನಂತೂ ಅಲ್ಲಿನವರೇ ನೆಚ್ಚಿ ಕೊಳ್ಳುವ ಕೈಯಿಂದ ಮಾತ್ರ ಕೊಳ್ಳಿ. ಆಗಸ್ಟ್ 3ರ ಆಸುಪಾಸಿನಲ್ಲಿ ಹೋದರೆ ಮದ್ದುಸೊಪ್ಪಿನ ಕಟ್ಟುಗಳು ಕಾಣುತ್ತವೆ. ಆಟಿ ತಿಂಗಳ ಹದಿನೆಂಟರಂದು ಕೊಡಗಿನ ಮನೆಗಳಲ್ಲಿ ಅದನ್ನು ಕುದಿಸಿ, ನೇರಳೆ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ, ಅದು ಸೊಪ್ಪಿನ ಬಣ್ಣ. ಕೊಡಗಿನ ಕಿತ್ತಳೆ ಕೊಳ್ಳುವವರು ಹೊಳೆಯುವ ಕೇಸರಿ ಬಣ್ಣಕ್ಕೆ ಮಾರುಹೋಗಬಾರದು. ಊರಿನ ಹಣ್ಣಿನ ಸಿಪ್ಪೆಯಲ್ಲಿ ಹಸಿರು ಹಳದಿ ಬೆರೆತಿರುತ್ತದೆ, ಸಿಹಿಯ ಜೊತೆ ಹುಳಿಯೂ ಇರುತ್ತದೆ.

ಅಳತೆಯ ವಿಷಯ. ಸೊಪ್ಪು ಕಟ್ಟಿನ ಲೆಕ್ಕ, ಬಾಳೆ ಚಿಪ್ಪಿನ ಲೆಕ್ಕ, ಹೂವು ಮೊಳದ ಲೆಕ್ಕ, ಬದನೆ ಮೆಣಸು ಕೆಲವೊಮ್ಮೆ ಗುಡ್ಡೆಯ ಲೆಕ್ಕ. ಮೊಳ ಹಾಕುವ ಕೈ ಉದ್ದವೋ ಗಿಡ್ಡವೋ ನಿಮ್ಮ ಅದೃಷ್ಟ. ತೂಕಕ್ಕೆ ಮಾತ್ರ ಕಾನೂನಿದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಂತೆ ತಕ್ಕಡಿ ಮತ್ತು ತೂಕದ ಬಟ್ಟುಗಳನ್ನು 2 ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಕಬ್ಬಿಣದ ಬಟ್ಟನ್ನು ತಿರುಗಿಸಿದರೆ ಸೀಸ ತುಂಬಿದ ಸಣ್ಣ ಗುಳಿ ಕಾಣುತ್ತದೆ, ಮುದ್ರೆ ಇರುವುದು ಅದರ ಮೇಲೆ. ಯಂತ್ರವಾದರೆ ಸಾಮಾನು ಇಡುವ ಮುಂಚೆ ಸೊನ್ನೆ ತೋರಿಸುತ್ತಿದೆಯೇ ನೋಡಿದರೆ ಸಾಕು. ಬುಟ್ಟಿಯವರು ಕೆಲವೊಮ್ಮೆ ಪಕ್ಕದ ಅಂಗಡಿಯ ತಕ್ಕಡಿಯಲ್ಲೇ ತೂಗಿ ಕೊಡುತ್ತಾರೆ.

ಚೌಕಾಸಿ ಮಾಡಬೇಕೇ? ಬಟ್ಟೆ, ಪಾತ್ರೆ, ಚಪ್ಪಲಿಗೆ ಧಾರಾಳವಾಗಿ ಮಾಡಿ, ಅವರು ಅದಕ್ಕೆಂದೇ ಬೆಲೆ ಏರಿಸಿ ಹೇಳುತ್ತಾರೆ. ನಾಲ್ಕು ಕಟ್ಟು ಸೊಪ್ಪು ಇಟ್ಟುಕೊಂಡವರ ಹತ್ತಿರ ಐದು ರೂಪಾಯಿಗೆ ಎಳೆದಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅವರ ಖರ್ಚೇನು ಎಂದು ಒಮ್ಮೆ ಕೂಡಿ ನೋಡಿ: ಬಸ್ಸಿನ ಚಾರ್ಜು, ಒಂದು ದಿನದ ಕೂಲಿ ಬಿಟ್ಟದ್ದು, ಜೊತೆಗೆ ಸಂತೆ ಸುಂಕ. ಸುಂಕ ವಸೂಲಿಯ ಹಕ್ಕನ್ನು ಪಂಚಾಯಿತಿಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತವೆ. ಹರಾಜು ಹಿಡಿದವರು ಮಳಿಗೆಗೆ ಇಷ್ಟು, ಬುಟ್ಟಿಗೆ ಇಷ್ಟು ಎಂದು ಎತ್ತಿಕೊಳ್ಳುತ್ತಾರೆ. ದರ ನಿಗದಿಯಾಗಿದ್ದರೂ ರಸೀದಿ ಕೇಳುವ ಧೈರ್ಯ ಬುಟ್ಟಿಯವರಿಗೆ ಎಷ್ಟೋ ಸಲ ಬರುವುದಿಲ್ಲ. ದರಪಟ್ಟಿಯನ್ನು ಸಂತೆಮಾಳದ ಬಾಗಿಲಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಬೇಕು ಎಂದು ನಮ್ಮಂಥ ಕೊಳ್ಳುವವರೂ ಪಂಚಾಯಿತಿಯನ್ನು ಕೇಳಬಹುದು, ಕೇಳಲೇಬೇಕು. ಇನ್ನು ಬೆಲೆ ಇಳಿಸದೆ ಕೊಂಡವರಿಗೆ ಒಂದು ಹಿಡಿ ಕೊಸರು ತಾನಾಗಿ ಬೀಳುತ್ತದೆ: ಎರಡು ಎಸಳು ಕರಿಬೇವು, ನಾಲ್ಕು ಮೆಣಸು.

ಬಟ್ಟೆಯ ಚೀಲ ಎರಡು ಒಯ್ಯಿರಿ, ಕೆಳಗೆ ಕುಂಬಳ, ಮೇಲೆ ಸೊಪ್ಪು. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಇರಲಿ. ಬೆಳಗ್ಗೆ ಬೋಣಿ ಹೊತ್ತಿನಲ್ಲಿ ಐನೂರರ ನೋಟು ಚಾಚಿದರೆ ಬುಟ್ಟಿಯವರು ಚಿಲ್ಲರೆಗಾಗಿ ಮೂರು ಅಂಗಡಿ ಅಲೆಯಬೇಕಾಗುತ್ತದೆ.

ಹೊರಡುವ ಮುಂಚೆ ಒಂದು ಕೆಲಸ ಬಾಕಿ. ರುಚಿ ಹಿಡಿಸಿದ್ದನ್ನು ಮುಂದಿನ ವಾರಕ್ಕೆ ಹೇಳಿಡಿ. "ಅಕ್ಕಾ, ಬರೋ ಶನಿವಾರ ಕೆಸುವಿನ ಸೊಪ್ಪು ಎರಡು ಕಟ್ಟು ನನಗೇಂತ ಇಟ್ಟಿರಿ" ಎಂದರೆ ಇಟ್ಟಿರುತ್ತಾರೆ. ಹೇಳಿದ ಮೇಲೆ ಮಳೆ ಬಂದರೂ ಹೋಗಿ. ನಿಮ್ಮ ಎರಡು ಕಟ್ಟನ್ನು ಬೇರೆಯವರಿಗೆ ಕೊಡದೆ ಗೋಣಿಚೀಲದಡಿ ಮುಚ್ಚಿಟ್ಟುಕೊಂಡು ಅವರು ಕಾಯುತ್ತಿರುತ್ತಾರೆ.