ಅವರೆಯ ಕಾಲಕ್ಕೆ ಊರಲ್ಲಿರಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ತುಮಕೂರಿನ ನಮ್ಮ ಬೀದಿಯಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗುತ್ತದೆ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ದೊಡ್ಡವರಿಗೆ ವರ್ಷ ಮುಗಿಯುವುದರೊಳಗೆ ಹಾಕಿಕೊಳ್ಳಲೇಬೇಕಾದ ಸಿ.ಎಲ್. ಒಬ್ಬರು ಗೋವಾಕ್ಕೆ, ಇನ್ನೊಬ್ಬರು ಮುನ್ನಾರಿಗೆ. ಈ ಸಲ ನಾವೂ ಶಿಮ್ಲಾಕ್ಕೆಂದು ಚೀಲ ಕಟ್ಟಿದ್ದೆವು. ದೆಹಲಿಯಲ್ಲಿ ಕವಿದ ದಟ್ಟ ಮಂಜಿಗೆ ವಿಮಾನ ರದ್ದಾಯಿತು. ಮುಂದಿನ ರೈಲು, ಹೋಟೆಲು ಯಾವುದೂ ಹೊಂದಾಣಿಕೆಯಾಗದೆ ಪ್ರವಾಸವನ್ನೇ ಕೈಬಿಟ್ಟೆವು. ಮಗಳು ಪುಣೆಯಿಂದ ಬಂದಾಗಿತ್ತು, ಯಜಮಾನರೂ ನಾನೂ ರಜೆ ಹಾಕಿಯಾಗಿತ್ತು. ಸಪ್ಪೆ ಮುಖ ಮಾಡಿಕೊಂಡು ಕೂತವರನ್ನು ನೋಡಿ ಅತ್ತೆ, "ಹೋಗ್ಲಿ ಬಿಡ್ರಮ್ಮ. ಅವರೆಕಾಯಿ ಕಾಲ್ದಲ್ಲಿ ಯಾರಾದ್ರೂ ಊರು ಬಿಡ್ತಾರಾ?" ಎಂದರು.

ನಾನು ಸಸ್ಯಶಾಸ್ತ್ರ ಪಾಠ ಮಾಡುವವಳು. ಅತ್ತೆ ಹೇಳಿದ ಮಾತಿನಲ್ಲಿ ಎಷ್ಟು ಸಸ್ಯಶಾಸ್ತ್ರ ಇದೆಯೆಂದು ಆ ರಜೆಯಲ್ಲಿ ಕೂತು ಉಣ್ಣುತ್ತಾ, ಹಿತುಕುತ್ತಾ, ಯೋಚಿಸುತ್ತಾ ಹೋದೆ. ತುಮಕೂರು, ಮಾಗಡಿ, ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆ, ಕನಕಪುರದ ಸುತ್ತಿನ ಬಯಲುಸೀಮೆಯಲ್ಲಿ ವರ್ಷದ ಅತ್ಯುತ್ತಮ ಊಟ ಸಿಗುವುದು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ. ಅದಕ್ಕೆ ಗಟ್ಟಿಯಾದ ಕಾರಣಗಳಿವೆ. ಆ ಊಟ ಬೇರೆ ಕಾಲದಲ್ಲಿ, ಬೇರೆ ಕಡೆ ಸಿಗುವುದಿಲ್ಲ. ಅಂಥ ಹೊತ್ತಿಗೇ ನಾವು ಮನೆಗೆ ಬೀಗ ಹಾಕಿ ಹೊರಡುತ್ತೇವೆ.

ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ

ಮಳೆಯಾಶ್ರಿತ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದು ನಮ್ಮ ಕಡೆಯ ಹಳೆಯ ಪದ್ಧತಿ. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಇವುಗಳ ಸಾಲು. ರಾಗಿಯ ಜೊತೆಗೇ ಬಿತ್ತಿದ ಅವರೆ ಮಳೆಗಾಲವಿಡೀ ಬರೀ ಎಲೆ, ಬಳ್ಳಿ ಬಿಟ್ಟುಕೊಂಡು ಹಬ್ಬುತ್ತದೆ, ಹೂ ಬಿಡುವುದಿಲ್ಲ. ನಾಟಿ ಅವರೆ ಹಗಲಿನ ಉದ್ದವನ್ನು ಅಳೆಯುವ ಗಿಡ. ಹಗಲು ಕುಗ್ಗಿ ರಾತ್ರಿ ಒಂದು ಮಿತಿ ಮೀರಿ ಹಿಗ್ಗಿದ ಮೇಲೆಯೇ ಅದು ಹೂವಿಗೆ ಬರುತ್ತದೆ. ತುಮಕೂರಿನಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸ. ನಮ್ಮ ಗಮನಕ್ಕೂ ಬಾರದ ಆ ವ್ಯತ್ಯಾಸವನ್ನು ಎಲೆ ಗುರುತಿಸುತ್ತದೆ. ಆದ್ದರಿಂದ ಬಿತ್ತನೆ ಸ್ವಲ್ಪ ಹಿಂದುಮುಂದಾದರೂ ನಾಟಿ ಅವರೆ ಕಾಯಿ ಕಟ್ಟುವುದು ಚಳಿಗಾಲಕ್ಕೇ.

ಅಷ್ಟರಲ್ಲಿ ರಾಗಿ ಕೊಯ್ಲಾಗಿ ತೆನೆ ಕಣ ಸೇರಿರುತ್ತದೆ. ಅವರೆ ಸಾಲು ಮಾತ್ರ ಹೊಲದಲ್ಲಿ ಉಳಿದು, ನೆಲದಲ್ಲಿ ಮಿಕ್ಕ ತೇವವನ್ನೇ ನೆಚ್ಚಿಕೊಂಡು, ರಾತ್ರಿಯ ಇಬ್ಬನಿಯಲ್ಲಿ ನೆನೆದು ಕಾಯಿ ತುಂಬುತ್ತದೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು, ಮುಂದಿನ ಬೆಳೆಗೆ ಮಣ್ಣಿನಲ್ಲಿ ಒಂದಿಷ್ಟು ಬಿಟ್ಟೂ ಹೋಗುತ್ತದೆ. ರಾಗಿಯೂ ಅವರೆಯೂ ಮೂಲತಃ ಆಫ್ರಿಕಾದ ಬೆಳೆಗಳು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಒಂದೇ ಹೊಲದಲ್ಲಿ, ಆಮೇಲೆ ಒಂದೇ ತಟ್ಟೆಯಲ್ಲಿ ಜೊತೆಯಾಗಿವೆ.

ಸೊಗಡು ಎಲ್ಲಿಂದ?

ಅವರೆಕಾಯಿ ಕೊಳ್ಳುವ ಕೆಲಸವನ್ನು ಅತ್ತೆ ಈಗಲೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಬೀದಿ ತುದಿಯಲ್ಲಿ ಗೋಣಿಚೀಲ ಬಿಚ್ಚಿ ಕೂರುವ ಹೆಂಗಸಿನ ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಕಾಯಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡುತ್ತಾರೆ. ಅಂಟಂಟಾಗಿ, ಎಣ್ಣೆ ತಾಗಿದ ಹಾಗಿದ್ದರೆ ಮಾತ್ರ ತೂಕಕ್ಕೆ ಹಾಕಿಸುವುದು.

"ಹೊಲದ್ ಕಾಯಿ ಕಣಜ್ಜಿ, ನೆನ್ನೆ ಸಂಜೆ ಕಿತ್ತಿದ್ದು. ಇಬ್ನಿ ಬಿದ್ದೈತೆ ನೋಡು" ಎಂದಳು ಆಕೆ.

"ನೋಡ್ತಾ ಇದೀನಲ್ಲವ್ವ, ಅದಕ್ಕೇ ಚೀಲ ಹಿಡ್ದಿರೋದು" ಎಂದರು ಅತ್ತೆ.

ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂಬುದು ರೈತರ ಅನುಭವದ ಮಾತು. ಕಾಯಿಯ ಸಿಪ್ಪೆ ಮೇಲೆ ಒಸರುವ ಎಣ್ಣೆಯಂಥ ದ್ರವದಲ್ಲೇ ಆ ವಾಸನೆ ಇರುವುದು. ಅದರಲ್ಲಿರುವ ಕೆಲವು ಕೊಬ್ಬಿನಾಮ್ಲಗಳು ಈ ಗಾಢ ಪರಿಮಳಕ್ಕೆ ಕಾರಣ. ಅದಕ್ಕೇ ಕಾಯಿ ಬಿಡಿಸಿದ ಕೈಯನ್ನು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಸೊಗಡು ಹೋಗುವುದಿಲ್ಲ. ಪ್ಯಾಕೆಟ್ಟಿನಲ್ಲಿ ಬಿಡಿಸಿಟ್ಟ ಕಾಳು ತಂದರೆ ಸಾರು ಸಪ್ಪೆಯೆನಿಸುವುದೂ ಇದರಿಂದಲೇ. ಸೊಗಡಿನ ಬಹುಪಾಲು ಸಿಪ್ಪೆಯ ಜೊತೆ ಬೇರೆ ಯಾರದೋ ಮನೆಯಲ್ಲಿ ಉಳಿದುಬಿಟ್ಟಿರುತ್ತದೆ. ಮನೆಯಲ್ಲೇ ಬಿಡಿಸಿದರೆ ಕೈಯಿಂದ ಕಾಳಿಗೆ, ಕಾಳಿನಿಂದ ಸಾರಿಗೆ ಅದು ಬರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4ರಂಥ ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಯಾವ ಕಾಲದಲ್ಲಿ ಬಿತ್ತಿದರೂ ಬೇಗ ಕಾಯಿ ಬಿಡುತ್ತವೆ. ರೈತರಿಗೆ ವರ್ಷವಿಡೀ ಆದಾಯ, ನಮಗೆ ಬೇಸಿಗೆಯಲ್ಲೂ ಅವರೆಕಾಳು. ಅದು ದೊಡ್ಡ ಉಪಕಾರವೇ. ಆದರೆ ಚಳಿಗಾಲದ ನಾಟಿ ಅವರೆಯ ಸೊಗಡು ಅವುಗಳಲ್ಲಿ ಅಷ್ಟಾಗಿ ಇರುವುದಿಲ್ಲ. ಅದಕ್ಕೆ ಈ ನೆಲದ ಡಿಸೆಂಬರ್ ತಿಂಗಳೇ ಬೇಕು.

ಹಿತುಕಿದ ಬೇಳೆಯ ಮಧ್ಯಾಹ್ನ

ಕಿಲೋ ಕಾಯಿ ಬಿಡಿಸಿದರೆ ಅರ್ಧ ಕಿಲೋ ಕಾಳು ಸಿಗುವುದೂ ಕಷ್ಟ. ಕೆಲವು ಕಾಯಿಗಳಲ್ಲಿ ಹಸಿರು ಹುಳು ಇದ್ದೇ ಇರುತ್ತದೆ, ಅಂಥವನ್ನು ಆರಿಸಿ ಎಸೆಯಬೇಕು. ಈ ಕೆಲಸ ಒಬ್ಬರಿಗೆ ಬೇಸರ, ನಾಲ್ಕು ಜನಕ್ಕೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಂಗಳದ ಬಿಸಿಲಿಗೆ ಚಾಪೆ ಹಾಸಿ, ನಡುವೆ ಕಾಯಿ ರಾಶಿ ಸುರಿದು ಕೂತೆವು. ಪುಣೆಯಲ್ಲಿ ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂರುವ ಮಗಳು ಮೊಬೈಲು ಒಳಗಿಟ್ಟು ಬಂದಳು. ಅವರಜ್ಜಿ ತಮ್ಮ ತವರಿನ ಕಣದ ಕಥೆ ತೆಗೆದರು: ರಾಶಿ ಕಾಯಲು ರಾತ್ರಿ ಕಣದಲ್ಲೇ ಮಲಗುತ್ತಿದ್ದುದು, ಬೆಂಕಿಯ ಕೆಂಡದಲ್ಲಿ ಅವರೆಕಾಯಿ ಸುಟ್ಟು ತಿನ್ನುತ್ತಿದ್ದುದು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅದನ್ನು ಕೇಳಿರಲಿಲ್ಲ.

ಎಳೆಯ ಕಾಳು ಉಪ್ಪಿಟ್ಟಿಗೆ, ರೊಟ್ಟಿಗೆ. ಬಲಿತ ಕಾಳು ರಾತ್ರಿ ನೀರಿಗೆ. ಬೆಳಗಾಗುವಷ್ಟರಲ್ಲಿ ಸಿಪ್ಪೆ ಸಡಿಲಗೊಂಡಿರುತ್ತದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಜಿಗಿಯುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒಂದೊಂದೇ ಕಾಳು. ಇದಕ್ಕೆ ಅಡ್ಡದಾರಿಯಿಲ್ಲ.

ಸಾರಿಗೆ ನಮ್ಮ ಮನೆಯ ಕ್ರಮ ಹೀಗೆ: ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಧನಿಯ, ಗಸಗಸೆ, ಚೂರು ಚಕ್ಕೆ, ಎರಡು ಲವಂಗ, ತೆಂಗಿನಕಾಯಿ, ಕೊತ್ತಂಬರಿ ಸೊಪ್ಪು, ಖಾರದಪುಡಿ ಸೇರಿಸಿ ನುಣ್ಣಗೆ ರುಬ್ಬಬೇಕು. ಒಗ್ಗರಣೆಗೆ ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ಆಮೇಲೆ ಬೇಳೆ. ಕುದಿಯುವಾಗ ನೊರೆ ಉಕ್ಕುತ್ತದೆ, ತಟ್ಟೆ ಮುಚ್ಚಿ ಆಚೆ ಹೋಗುವಂತಿಲ್ಲ. ಕುಕ್ಕರಿನ ಕೂಗು ಇದಕ್ಕೆ ಸಲ್ಲದು, ಬೇಳೆ ಕರಗಿ ಗಂಜಿಯಾಗುತ್ತದೆ. ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಬಿಟ್ಟುಕೊಡಬೇಕು, ಆದರೆ ಆಕಾರ ಕೆಡಬಾರದು.

ಬಿಸಿ ಮುದ್ದೆಗೆ ಈ ಸಾರು ಸೇರಿದರೆ ರುಚಿಯಷ್ಟೇ ಅಲ್ಲದೆ ಪೋಷಣೆಯ ಲೆಕ್ಕವೂ ಸರಿಹೋಗುತ್ತದೆ. ಧಾನ್ಯಗಳಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಅವರೆಯಲ್ಲಿ ಚೆನ್ನಾಗಿದೆ. ಅವರೆಯಲ್ಲಿ ಕೊರತೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಜೊತೆಗೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಹೊಲದಲ್ಲಿ ಅಕ್ಕಡಿ ಹಾಕಿದವರು ಈ ಹೆಸರುಗಳನ್ನು ಕೇಳಿದವರಲ್ಲ. ಆದರೂ ಅವರ ತಟ್ಟೆ ಸರಿಯಾಗಿತ್ತು.

ಹುಗ್ಗಿಯಿಂದ ಎಳ್ಳು-ಬೆಲ್ಲದವರೆಗೆ

ಅವರೆಯೊಂದೇ ಈ ತಿಂಗಳ ಊಟವಲ್ಲ. ಡಿಸೆಂಬರ್ ಮಧ್ಯದಲ್ಲಿ ಶುರುವಾಗುವ ಧನುರ್ಮಾಸದಲ್ಲಿ ದೇವಸ್ಥಾನಗಳಲ್ಲಿ ನಸುಕಿಗೇ ಪೂಜೆ, ಹುಗ್ಗಿಯ ನೈವೇದ್ಯ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ಶುಂಠಿ, ತುಪ್ಪ ಎಲ್ಲವೂ ಚಳಿಯ ಬೆಳಗಿಗೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ನಾವು ಅದಕ್ಕೊಂದು ಹಿಡಿ ಎಳೆ ಅವರೆಕಾಳು ಹಾಕುತ್ತೇವೆ. ಸಂಜೆಗೆ ಸಬ್ಬಸಿಗೆ ಸೊಪ್ಪು, ಅವರೆಕಾಳು ಬೆರೆಸಿ ತಟ್ಟಿದ ಅಕ್ಕಿ ರೊಟ್ಟಿ, ಮೇಲೆ ಬೆಣ್ಣೆ. ಒಂದು ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ದೇವರಾಯನದುರ್ಗದ ಬೆಟ್ಟ ಹತ್ತಿ ಬಂದೆವು. ಅದೂ ಪ್ರವಾಸವೇ.

ಜನವರಿ ಹುಟ್ಟಿದ ಕೂಡಲೇ ಎಳ್ಳು-ಬೆಲ್ಲದ ಕೆಲಸ. ನಮ್ಮ ಜಿಲ್ಲೆಯ ತಿಪಟೂರಿನ ಕೊಬ್ಬರಿ ಇದಕ್ಕೆ ಹೆಸರಾದದ್ದು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಅಲ್ಲಾಡಿಸಿದರೆ ಸದ್ದು ಮಾಡುವಾಗ ಒಡೆದರೆ ಇಡೀ ಉಂಡೆ ಕೊಬ್ಬರಿ. ಅದರ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಬಿಸಿಲಿಗಿಡಬೇಕು. ಅಚ್ಚು ಬೆಲ್ಲವನ್ನೂ ಕತ್ತರಿಸಿ ಒಣಗಿಸಬೇಕು, ಇಲ್ಲದಿದ್ದರೆ ಬೆರೆಸಿದಾಗ ಅಂಟಿಕೊಳ್ಳುತ್ತದೆ. ಹುರಿದ ಕಡಲೆಬೀಜ ಉಜ್ಜಿ ಸಿಪ್ಪೆ ಹಾರಿಸಿ, ಹುರಿಗಡಲೆ, ಬಿಳಿ ಎಳ್ಳು ಸೇರಿಸಿದರೆ ಮುಗಿಯಿತು. ಎಳ್ಳಿನಲ್ಲೂ ಕಡಲೆಬೀಜದಲ್ಲೂ ಸುಮಾರು ಅರ್ಧದಷ್ಟು ಎಣ್ಣೆಯೇ. ಚರ್ಮ ಒಡೆಯುವ ಚಳಿಯಲ್ಲಿ ಹಿರಿಯರು ಇದನ್ನೇ ಹಬ್ಬ ಮಾಡಿಟ್ಟದ್ದರಲ್ಲಿ ವಿವೇಕವಿದೆ. ಹಬ್ಬದ ದಿನ ಬೇಯಿಸಿದ ಗೆಣಸು, ಅವರೆಕಾಯಿ, ಕಡಲೆಕಾಯಿ, ಒಂದೆರಡು ಜಲ್ಲೆ ಕಬ್ಬು ಸೇರಿದರೆ ಊರಿನ ಬೆಳೆಯೆಲ್ಲ ಮನೆಗೆ ಬಂದಂತೆ.

ಇದರ ಹಿಂದಿನ ಚಿಂತೆಯ ಮಾತನ್ನೂ ಹೇಳಬೇಕು. ರಾಗಿಯನ್ನು ಯಂತ್ರದಲ್ಲಿ ಕೊಯ್ಯುವ ಹೊಲದಲ್ಲಿ ನಡುವೆ ಅವರೆ ಸಾಲಿದ್ದರೆ ಯಂತ್ರಕ್ಕೆ ಅಡ್ಡಿ. ಕೂಲಿಯಾಳು ಸಿಗದ ರೈತ ಅಕ್ಕಡಿ ಬಿಟ್ಟರೆ ಅವನನ್ನು ದೂರುವಂತಿಲ್ಲ. ಆದರೆ ಸೊಗಡಿನ ಕಾಯಿಗೆ ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವ ಮನೆಗಳಿದ್ದರೆ ಆ ಸಾಲು ಉಳಿದೀತು. ಊರಲ್ಲಿ ಮನೆಗಳಿಗೆ ಬೀಗ ಬಿದ್ದಿದ್ದರೆ ಯಾರಿಗಾಗಿ ಬೆಳೆಯಬೇಕು?

ಪ್ರವಾಸ ಬೇಡವೆಂದು ನಾನು ಹೇಳುತ್ತಿಲ್ಲ. ನಾವೂ ಮುಂದೆ ಶಿಮ್ಲಾಕ್ಕೆ ಹೋಗುತ್ತೇವೆ, ಸಂಕ್ರಾಂತಿ ಕಳೆದ ಮೇಲೆ. ಬೆಟ್ಟಗಳು ಫೆಬ್ರವರಿಯಲ್ಲೂ ಅಲ್ಲೇ ಇರುತ್ತವೆ. ಅವರೆ ಅಷ್ಟು ದಿನ ಕಾಯುವುದಿಲ್ಲ. ಡಿಸೆಂಬರಿನಲ್ಲಿ ಒಂದು ವಾರವಾದರೂ ಮನೆಯಲ್ಲಿರಿ. ಹೊಲದಿಂದ ಬಂದ ಕಾಯನ್ನೇ ಕೇಳಿ ತನ್ನಿ, ಮೂಸಿ ನೋಡಿ, ಬೆಳೆದವರಿಗೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಮನೆಮಂದಿಯನ್ನೆಲ್ಲ ಚಾಪೆಯ ಮೇಲೆ ಕೂರಿಸಿ ಬಿಡಿಸಿ, ಮಕ್ಕಳಿಗೆ ಹಿತುಕುವುದನ್ನು ಕಲಿಸಿ.