ಸೆರೆಮನೆಗೆ ಮರಳಿದ ಚಿತ್ರಕಾರ

ಕಾಂಬೋಡಿಯದ ರಾಜಧಾನಿ ಫ್ನಾಮ್ ಪೆನ್ ನಗರದಲ್ಲಿ ತೂಲ್ ಸ್ಲೆಂಗ್ ಎಂಬ ವಸ್ತುಸಂಗ್ರಹಾಲಯವುಂಟು. ಒಂದು ಕಾಲಕ್ಕೆ ಅದು ಮಕ್ಕಳು ಓದುತ್ತಿದ್ದ ಪಾಠಶಾಲೆ. 1975ರ ಏಪ್ರಿಲ್‌ನಲ್ಲಿ ಪೋಲ್ ಪೋಟನ ಖ್ಮೇರ್ ರೂಜ್ ಪಕ್ಷ ಅಧಿಕಾರಕ್ಕೆ ಬಂದ ತರುವಾಯ ಅದೇ ಸೆರೆಮನೆಯಾಯಿತು. ಆ ಆಳ್ವಿಕೆ ನಾಲ್ಕು ವರ್ಷವೂ ನಡೆಯಲಿಲ್ಲ. ಅಷ್ಟರಲ್ಲಿಯೇ ಹಸಿವು, ರೋಗ, ಬಲವಂತದ ದುಡಿತ, ಕೊಲೆಗಳಿಗೆ ಸುಮಾರು 17 ಲಕ್ಷ ಜನ ಬಲಿಯಾದರು. ಈ ಸೆರೆಮನೆಯೊಂದಕ್ಕೇ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ತಂದರು. ಬದುಕಿ ಹೊರಬಂದವರು ತೀರ ವಿರಳ.

ಅಂಥವರಲ್ಲೊಬ್ಬರು ವಾನ್ ನಾಥ್. ಬಾಟ್ಟಂಬಾಂಗ್ ಪ್ರಾಂತದವರು; ಸಿನಿಮಾ ಫಲಕಗಳನ್ನು ಬರೆದು ಸಂಸಾರ ಸಾಗಿಸುತ್ತಿದ್ದವರು. 1978ರ ಜನವರಿಯಲ್ಲಿ ಅವರನ್ನು ಇಲ್ಲಿಗೆ ತಂದು ಕಾಲಿಗೆ ಸಂಕೋಲೆ ತೊಡಿಸಿದರು. ಚಿತ್ರ ಬರೆಯಬಲ್ಲರೆಂದು ತಿಳಿದಾಗ, ಪೋಲ್ ಪೋಟನ ಭಾವಚಿತ್ರ ಬರೆಯುವ ಕೆಲಸಕ್ಕೆ ಹಚ್ಚಿದರು. ಪಕ್ಕದ ಕೋಣೆಗಳಿಂದ ಆರ್ತನಾದ ಕೇಳಿಬರುತ್ತಿರುವಾಗ, ಅದಕ್ಕೆ ಕಾರಣನಾದವನ ಮುಖಕ್ಕೆ ಅವರು ಬಣ್ಣ ಹಚ್ಚಬೇಕಾಗಿತ್ತು. ಆ ಕುಂಚವೇ ಅವರ ಪ್ರಾಣ ಉಳಿಸಿತು.

1979ರ ಜನವರಿ 7ರಂದು ವಿಯೆಟ್ನಾಮಿನ ಸೈನ್ಯ ನಗರವನ್ನು ಹೊಕ್ಕಿತು. ವಾನ್ ನಾಥ್ ಬಿಡುಗಡೆ ಹೊಂದಿದರು. ಮಡದಿ ಬದುಕಿದ್ದರು, ಇಬ್ಬರು ಮಕ್ಕಳು ತೀರಿಕೊಂಡಿದ್ದರು.

ಇನ್ನೊಬ್ಬರಾಗಿದ್ದರೆ ಆ ಕಟ್ಟಡದತ್ತ ತಲೆಯೆತ್ತಿಯೂ ನೋಡುತ್ತಿರಲಿಲ್ಲವೇನೋ. ಆದರೆ ಅವರು ಅಲ್ಲಿಗೇ ಮರಳಿದರು. ಕಂಡದ್ದನ್ನೂ ಸಹಬಂದಿಗಳಿಂದ ಕೇಳಿದ್ದನ್ನೂ ಚಿತ್ರಿಸತೊಡಗಿದರು: ಸಾಲಾಗಿ ಸಂಕೋಲೆಯಲ್ಲಿ ಮಲಗಿದವರು, ಚಾವಟಿಯ ಏಟು, ತಾಯಿಯ ತೋಳಿನಿಂದ ಕಿತ್ತುಕೊಂಡ ಹಸುಳೆ.

ರಿತಿ ಪಾನ್ ಅವರು 2003ರಲ್ಲಿ ಹೊರತಂದ ಸಾಕ್ಷ್ಯಚಿತ್ರವೊಂದರಲ್ಲಿ ಅವರು ಹಳೆಯ ಕಾವಲುಗಾರರನ್ನು ಎದುರುಗೊಂಡರು. ಆ ಕಾವಲುಗಾರರಲ್ಲಿ ಅನೇಕರು ಆಗ ಮೀಸೆ ಮೂಡದ ಹುಡುಗರು. ವಾನ್ ನಾಥ್ ಕೈಯೆತ್ತಲಿಲ್ಲ, ಬೈಯಲಿಲ್ಲ. ತಮ್ಮ ಚಿತ್ರಗಳನ್ನು ತೋರಿಸಿ, ಇದು ನಡೆದದ್ದು ಹೌದೋ ಅಲ್ಲವೋ ಎಂದು ಕೇಳಿದರು. ಅಲ್ಲವೆನ್ನಲು ಅವರಿಂದಾಗಲಿಲ್ಲ.

2009ರಲ್ಲಿ ಸೆರೆಮನೆಯ ಮುಖ್ಯಾಧಿಕಾರಿ ಕೈಂಗ್ ಗೆಕ್ ಈವ್‌ನ ವಿಚಾರಣೆ ನಡೆಯಿತು. ಕಣ್ಣೀರೊರೆಸಿಕೊಳ್ಳುತ್ತ ಸಾಕ್ಷ್ಯ ನುಡಿದ ವಾನ್ ನಾಥ್, ಸತ್ತವರಿಗೆ ನ್ಯಾಯ ದೊರೆತರೆ ಸಾಕೆಂದರು. 2010ರಲ್ಲಿ ವಿಧಿಸಿದ 35 ವರ್ಷಗಳ ಶಿಕ್ಷೆಯನ್ನು 2012ರಲ್ಲಿ ಮೇಲ್ಮನವಿಯ ಪೀಠ ಜೀವಾವಧಿಗೆ ಏರಿಸಿತು. ಅದನ್ನು ಕೇಳಲು ಅವರಿರಲಿಲ್ಲ. 2011ರ ಸೆಪ್ಟೆಂಬರಿನಲ್ಲಿಯೇ ಕಣ್ಮುಚ್ಚಿದ್ದರು.

ಕಳೆದುಕೊಂಡ ಮಕ್ಕಳು ಅವರಿಗೆ ಮರಳಿ ಬರಲಿಲ್ಲ. ಆದರೆ ಅಲ್ಲಿ ಹೆಸರಿಲ್ಲದೆ ಸತ್ತವರ ಪರವಾಗಿ ಹೇಳುವವರೊಬ್ಬರು ಉಳಿದಿದ್ದರು. ಅವರು ಹೇಳಬೇಕಾದುದನ್ನು ಹೇಳಿ ಮುಗಿಸಿಯೇ ಹೋದರು.